ಭಟ್ಕಳದ ಕೇರಿಗಳೂ ಸಂರಕ್ಷಣೆಯ ಮೇರೆಯೂ: ಒಂದು ವಿಮರ್ಶೆ

ಪ್ರಾಚೀನ ಸ್ಮಾರಕಗಳ ರಕ್ಷಣೆಯನ್ನು ಸ್ಮಾರಕದ ಗೋಡೆಯಿಂದಾಚೆಗೆ, ಅದರ ಸುತ್ತಣ ಜನವಸತಿಯವರೆಗೆ ವಿಸ್ತರಿಸಬೇಕೆಂಬ ಮಾತನ್ನು ಈಗ ತತ್ವತಃ ಅಲ್ಲಗಳೆಯುವವರು ವಿರಳ. ಭಿನ್ನಾಭಿಪ್ರಾಯಕ್ಕೆ ಎಡೆಯಿರುವುದು ವಿಸ್ತರಣೆಯ ರೀತಿಯಲ್ಲಿ. ರಕ್ಷಣೆಯ ಮೇರೆಯನ್ನು ಹಿಗ್ಗಿಸುವುದು ಒಂದು ಕೆಲಸ. ರಕ್ಷಣೆಗೆ ಅರ್ಹವಾದುದು ಯಾವುದು ಎಂಬ ತಿಳಿವಳಿಕೆಯನ್ನು ಹಿಗ್ಗಿಸುವುದು ಬೇರೊಂದು ಕೆಲಸ. ಮೊದಲನೆಯದು ನಡೆದು ಎರಡನೆಯದು ಹಿಂದುಳಿದರೆ ಪರಿಣಾಮವೇನಾಗುವುದೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ಪಟ್ಟಣದ ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ನೆರೆಯ ಹೊನ್ನಾವರ, ಕುಮಟಾ ತಾಲೂಕುಗಳ ಕೆಲವು ಸ್ಥಳಗಳನ್ನೂ, ಹಂಪೆ, ಅಹಮದಾಬಾದುಗಳನ್ನೂ ಹೋಲಿಕೆಗಾಗಿ ಎತ್ತಿಕೊಂಡಿದ್ದೇವೆ. ಈ ಪತ್ರಿಕೆಯ ವಾಚಕರು ಹೆಚ್ಚಾಗಿ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಆಗಿರುವುದರಿಂದ, ಕಾನೂನಿನ ಚರ್ಚೆಯನ್ನು ಇತಿಹಾಸದ ಚರ್ಚೆಯಿಂದ ಬೇರ್ಪಡಿಸದೆ ನಡೆಸುವುದು ಉಚಿತವೆಂದು ಭಾವಿಸಿದ್ದೇವೆ.

೧

ಬೆಳಕೆಯ ಕಡೆಯಿಂದ ರಾಷ್ಟ್ರೀಯ ಹೆದ್ದಾರಿಯಲ್ಲಿ ಭಟ್ಕಳಕ್ಕೆ ಬರುವ ಪ್ರಯಾಣಿಕನಿಗೆ ಕಾಣಿಸುವುದು ಅಂಗಡಿಗಳ, ಮಹಡಿ ಕಟ್ಟಡಗಳ ಒಂದು ಸಾಧಾರಣ ಪೇಟೆ. ಹಳೆಯ ಊರು ಹೆದ್ದಾರಿಯನ್ನು ಬಿಟ್ಟು ಓಣಿಗಳಲ್ಲಿ ಕಾಲ್ನಡಿಗೆಯಿಂದ ಹೋದವರಿಗೆ ಮಾತ್ರ ಕಾಣುತ್ತದೆ. ಅಲ್ಲಿ ಕೇತಪೈ ನಾರಾಯಣ ದೇವಾಲಯ, ರಘುನಾಥ ದೇವಾಲಯ, ಶಾಂತಪ್ಪ ನಾಯಕನ ತಿರುಮಲ ದೇವಾಲಯ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಪಾರ್ಶ್ವನಾಥ ಬಸದಿ ಮೊದಲಾದ ಶಿಲಾಕಟ್ಟಡಗಳಿವೆ. ೧೭ನೆಯ ಶತಮಾನದ ಮೂವರು ಆಂಗ್ಲ ವರ್ತಕರ ಗೋರಿಗಳೂ ಇವೆ. ಇವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟವು. ಒಂದು ಸಣ್ಣ ಪಟ್ಟಣದಲ್ಲಿ ಇಷ್ಟೊಂದು ಕೇಂದ್ರ ರಕ್ಷಿತ ಸ್ಮಾರಕಗಳು ಒತ್ತಾಗಿ ಸೇರಿರುವುದು ನಮ್ಮ ಕರಾವಳಿಯಲ್ಲಿ ಅಪರೂಪ.

ಆದರೆ ಭಟ್ಕಳದ ಐತಿಹಾಸಿಕ ಮಹತ್ವವು ಈ ಕಟ್ಟಡಗಳಿಂದ ಹುಟ್ಟಿದ್ದಲ್ಲ. ಈ ಕಟ್ಟಡಗಳೇ ಆ ಮಹತ್ವದಿಂದ ಹುಟ್ಟಿದವು. ಭಟ್ಕಳವು ಬಂದರಾಗಿ ಬೆಳೆದ ಊರು. ವಿಜಯನಗರದ ಕಾಲದಲ್ಲಿ ಹೊರ್ಮುಜಿನಿಂದ ಬಂದ ಕುದುರೆಗಳು ಇಲ್ಲಿ ಇಳಿದು ಘಟ್ಟವನ್ನೇರುತ್ತಿದ್ದವು. ೧೬ನೆಯ ಶತಮಾನದ ಆದಿಭಾಗದಲ್ಲಿ ಬರೆದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸನು ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರಹೋಗುತ್ತಿದ್ದುದನ್ನೂ ಕುದುರೆ, ಮುತ್ತುಗಳು ಒಳಬರುತ್ತಿದ್ದುದನ್ನೂ ವರ್ಣಿಸಿದ್ದಾನೆ. ೧೫೦೨ರಲ್ಲಿ ವಾಸ್ಕೊ ಡ ಗಾಮನು ತನ್ನ ನೌಕಾಪಡೆಯೊಡನೆ ಬಂದು ಈ ಬಂದರನ್ನು ಬೆದರಿಸಿ ಕಪ್ಪವನ್ನು ಕೇಳಿದನು. ೧೫೪೨ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೋಜನು ಊರನ್ನು ಕೊಳ್ಳೆಹೊಡೆದು ನಾಶಮಾಡಿದನು. ಇಂತಹ ಪೆಟ್ಟು ತಿಂದ ಊರು ಮತ್ತೆ ಎದ್ದು ನಿಂತುದು ಹೇಗೆ? ಚದರಿಹೋದ ವರ್ತಕ ಕುಟುಂಬಗಳು ತಮ್ಮ ತಮ್ಮ ಕೇರಿಗಳಿಗೆ ಮರಳಿ, ಮನೆಗಳ ಮಾಡುಗಳನ್ನು ಮತ್ತೆ ಹೊದೆಸಿಕೊಂಡು, ವ್ಯಾಪಾರವನ್ನು ಕೈಗೆತ್ತಿಕೊಂಡುದರಿಂದಲೇ ಎಂದು ಊಹಿಸುವುದು ಅಸಂಗತವಾಗಲಾರದು. ಇಂದು ನಾವು ಕಾಣುವ ಪ್ರಮುಖ ದೇವಾಲಯ ಬಸದಿಗಳು ಇದೇ ೧೬ನೆಯ ಶತಮಾನದ ಬಾಳುವೆಯ ಫಲಗಳು.

ಈ ವರ್ತಕರು ಒಂದೇ ಸಮುದಾಯದವರಾಗಿರಲಿಲ್ಲ. ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಸಾಳುವ ಅರಸರ ಆಶ್ರಯದ ಜೈನ ಸೆಟ್ಟಿಗಳು, ಸಾರಸ್ವತರು, ಅರಬ್ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ನವಾಯತರು ಇಲ್ಲಿ ನೆರೆಹೊರೆಯಾಗಿ ಬಾಳಿದರು. ನಮ್ಮ ಕರಾವಳಿಯ ವಿಜಯನಗರ ಕಾಲದ ಶಾಸನಗಳಲ್ಲಿ ಬರುವ ‘ಹಂಜಮಾನ’ ಎಂಬ ಮಾತು ಪಾರಸಿಯ ‘ಅಂಜುಮನ್’ ಶಬ್ದದ ತದ್ಭವವೆಂಬುದನ್ನು ವಿದ್ವಾಂಸರು ಬಹುಕಾಲದಿಂದ ಒಪ್ಪಿದ್ದಾರೆ. ಪಶ್ಚಿಮದಿಂದ ಬಂದ ವರ್ತಕರ ಸಂಘವನ್ನು ಅದು ಸೂಚಿಸುತ್ತದೆ. ೧೯೧೯ರಲ್ಲಿ ಭಟ್ಕಳದಲ್ಲಿ ಸ್ಥಾಪಿತವಾದ ವಿದ್ಯಾಸಂಸ್ಥೆಯ ಹೆಸರಿನಲ್ಲಿಯೂ ಅದೇ ‘ಅಂಜುಮನ್’ ಶಬ್ದವಿದೆ. ಶಾಸನದ ಸಂಘಕ್ಕೂ ಆಧುನಿಕ ಸಂಸ್ಥೆಗೂ ನೇರ ಸಂಬಂಧವನ್ನು ನಾವು ಕಲ್ಪಿಸುವುದಿಲ್ಲ. ಆದರೆ ಒಂದು ಶಬ್ದವು ಐದಾರು ಶತಮಾನಗಳ ಅಂತರದಲ್ಲಿ ಒಂದೇ ಕರಾವಳಿಯ ಸಾರ್ವಜನಿಕ ಜೀವನದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಗಮನಾರ್ಹ. ಕೊಂಕಣಿಯ ಮೂಲದಲ್ಲಿ ಅರಬ್ಬಿ, ಪಾರಸಿಗಳು ಬೆರೆತ ನವಾಯತಿ ನುಡಿ ಇಂದಿಗೂ ಬದುಕಿರುವುದು ಈ ಊರಿನ ಮನೆಗಳ ಚಾವಡಿಗಳಲ್ಲಿಯೇ.

ರಕ್ಷಿತ ಸ್ಮಾರಕಗಳ ಪಟ್ಟಿಯನ್ನು ಈ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ಅದರ ಸ್ವರೂಪ ಸ್ಪಷ್ಟವಾಗುತ್ತದೆ. ಅದರಲ್ಲಿ ಹಳೆಯ ಗೃಹಸ್ಥರು ಕಟ್ಟಿಸಿದ ದೇವಾಲಯವಿದೆ, ಅಂಥ ಗೃಹಸ್ಥರು ಬಾಳಿದ ಮನೆಯಿಲ್ಲ. ಇಲ್ಲಿ ಕೆಲವೇ ಕಾಲ ಇದ್ದು ಸತ್ತ ಆಂಗ್ಲ ವರ್ತಕರ ಗೋರಿಗಳಿವೆ, ಶತಮಾನಗಳಿಂದ ಇಲ್ಲಿಯೇ ಬಾಳಿದ ವರ್ತಕರ ಕೇರಿಯಿಲ್ಲ. ಇದಕ್ಕೆ ಯಾರದೋ ಪಕ್ಷಪಾತವೇ ಕಾರಣವೆಂದು ಹೇಳುವುದು ಅವಸರದ ತೀರ್ಮಾನವಾದೀತು. ೧೯೦೪ರ ಸ್ಮಾರಕ ರಕ್ಷಣಾ ಶಾಸನದ ಕಾಲದಿಂದಲೂ ನಮ್ಮ ಪಟ್ಟಿಗಳು ಒಂಟಿಯಾಗಿ ನಿಂತ, ಶಿಲೆಯಿಂದ ಕಟ್ಟಿದ, ಕಲೆಗಾಗಿ ಹೆಸರಾದ ಕಟ್ಟಡಗಳನ್ನು ಅರಸಿಕೊಂಡೇ ಬೆಳೆದವು. ಜನರು ವಾಸಿಸುತ್ತಿರುವ, ಪ್ರತಿವರ್ಷ ದುರಸ್ತಿಯಾಗುತ್ತಿರುವ ಕಟ್ಟಡವು ಅಂತಹ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಹಳೆಯ ಪ್ರವಾಸಿಗಳ ಕಣ್ಣಿಗೆ ಮೊದಲು ಬಿದ್ದುದು ವಸತಿಯೇ. ೧೪ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರವನ್ನು ಕಂಡ ಇಬ್ನ್ ಬತೂತನು ಅಲ್ಲಿ ಬಾಲಕಿಯರಿಗೆ ೧೩, ಬಾಲಕರಿಗೆ ೨೩ ಶಾಲೆಗಳಿದ್ದುವೆಂದು ಎಣಿಸಿ ಬರೆದಿದ್ದಾನೆ. ೧೮೦೧ರಲ್ಲಿ ಭಟ್ಕಳಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ೫೦೦ ಮನೆಗಳನ್ನೂ ಎರಡು ಮಸೀದಿಗಳನ್ನೂ ೭೬ ಗುಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಮನೆ, ಶಾಲೆ, ಮಸೀದಿ, ಗುಡಿ ಇವೆಲ್ಲವನ್ನೂ ಒಂದೇ ವಾಕ್ಯವೃಂದದಲ್ಲಿ ಹೇಳಿದ ಈ ಲೇಖಕರ ದೃಷ್ಟಿ ನಮ್ಮ ಪಟ್ಟಿಗಳಿಗಿಂತ ವಿಶಾಲವಾಗಿತ್ತೆಂದು ಒಪ್ಪಬೇಕಾಗುತ್ತದೆ.

ಇನ್ನೊಂದು ಮಾತು. ಭಟ್ಕಳದ ದೇವಾಲಯಗಳ ಶಿಲ್ಪವೇ ಕೇರಿಯ ಕಡೆಗೆ ನಮ್ಮನ್ನು ಕರೆದೊಯ್ಯುತ್ತದೆ. ಘಟ್ಟದ ಮೇಲಣ ದೇವಾಲಯಗಳ ಚಪ್ಪಟೆ ಮಾಳಿಗೆ ಇಲ್ಲಿ ಇಲ್ಲ. ಇಳಿಜಾರಾಗಿ ಹೊದೆಸಿದ ಕಲ್ಲುಚಪ್ಪಡಿಗಳು, ಚಪ್ಪಡಿಗಳ ಸಂದುಗಳನ್ನು ಮುಚ್ಚುವ ಕಿರಿದಾದ ಕಲ್ಲುಪಟ್ಟಿಗಳು, ಮಳೆಯ ಇರಚಲನ್ನು ತಡೆದು ಗಾಳಿಯನ್ನು ಬಿಡುವ ಕಲ್ಲಿನ ಜಾಲಂದ್ರಗಳು, ಇವೆಲ್ಲ ಬಡಗಿಯ ಕೆಲಸವನ್ನು ಕಲ್ಲಿನಲ್ಲಿ ಅನುಕರಿಸಿದ ರೂಪಗಳು. ಎಂದರೆ ದೇವಾಲಯವು ಮಾಡಿನ ಮನೆಯನ್ನು ನೋಡಿ ಕಲಿತಿದೆ. ಇಂದು ಕೇರಿಯಲ್ಲಿ ಉಳಿದಿರುವ ಮನೆಗಳು ೧೬ನೆಯ ಶತಮಾನದವಲ್ಲವೆಂಬುದು ನಿಜ. ಅವುಗಳ ಮೇಲಿರುವ ಮಂಗಳೂರು ಹಂಚು ೧೮೬೫ರಲ್ಲಿ ಬಾಸೆಲ್ ಮಿಶನ್ನಿನ ಕಾರ್ಖಾನೆ ಆರಂಭವಾದ ಅನಂತರದ್ದು. ಆದರೂ ಕೆಂಪುಕಲ್ಲಿನ ಗೋಡೆ, ಎತ್ತರದ ಜಗಲಿ, ಇಳಿಬಿಟ್ಟ ಮಾಡು ಎಂಬ ವಿನ್ಯಾಸವು ಹಳೆಯದೇ. ಆ ಮನೆಗಳೆಲ್ಲ ಹೋದ ದಿನ ದೇವಾಲಯದ ಇಳಿಜಾರು ಮಾಡು ವಿದ್ಯಾರ್ಥಿಗೆ ಅರ್ಥವಾಗದ ಒಂದು ವೈಚಿತ್ರ್ಯವಾಗಿ ಉಳಿಯುವುದು.

೨

ಈಗ ಕಾನೂನಿನ ಕಡೆಗೆ ತಿರುಗೋಣ. ೧೯೫೮ರ ಪ್ರಾಚೀನ ಸ್ಮಾರಕಗಳ ಮತ್ತು ಪುರಾತತ್ವ ಸ್ಥಳಗಳ ಅಧಿನಿಯಮವು ಮೂಲತಃ ಸ್ಮಾರಕವನ್ನೇ ಕುರಿತದ್ದು. ೧೯೯೨ರ ಜೂನ್ ೧೬ರ ಅಧಿಸೂಚನೆಯು ಸುತ್ತಣ ಭೂಮಿಯನ್ನು ಅದರ ವ್ಯಾಪ್ತಿಗೆ ತಂದಿತು. ೨೦೧೦ರ ತಿದ್ದುಪಡಿಯು ಅದನ್ನು ಅಧಿನಿಯಮದಲ್ಲಿಯೇ ಸೇರಿಸಿ ಬಲಪಡಿಸಿತು. ರಕ್ಷಿತ ಸೀಮೆಯಿಂದ ೧೦೦ ಮೀಟರಿನವರೆಗೆ ನಿಷಿದ್ಧ ಪ್ರದೇಶ. ಅದರಿಂದಾಚೆ ಮತ್ತೆ ೨೦೦ ಮೀಟರಿನವರೆಗೆ ನಿಯಂತ್ರಿತ ಪ್ರದೇಶ. ಇದರ ಮೇಲ್ವಿಚಾರಣೆಗಾಗಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವೂ ರಚಿತವಾಯಿತು.

ಈ ಅಳತೆಯ ಅರ್ಥವನ್ನು ಲೆಕ್ಕದಿಂದ ತಿಳಿಯುವುದು ಮೇಲು. ೧೦೦ ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ೩ ಹೆಕ್ಟೇರಿಗೆ ತುಸು ಮೇಲೆ, ಸುಮಾರು ಏಳುಮುಕ್ಕಾಲು ಎಕರೆ. ೩೦೦ ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ೨೮ ಹೆಕ್ಟೇರಿಗೂ ಹೆಚ್ಚು, ಸುಮಾರು ೭೦ ಎಕರೆ. ಅಳತೆಯು ಒಂದು ಬಿಂದುವಿನಿಂದಲ್ಲದೆ ಸ್ಮಾರಕದ ಸೀಮೆಯಿಂದ ಆರಂಭವಾಗುವುದರಿಂದ ನಿಜವಾದ ಕ್ಷೇತ್ರ ಇನ್ನೂ ದೊಡ್ಡದು. ಬಯಲಿನ ನಡುವೆ ಒಂಟಿಯಾಗಿ ನಿಂತ ಕೋಟೆಯ ಸುತ್ತ ಈ ೭೦ ಎಕರೆಗಳು ಗದ್ದೆಯೋ ಬೇಣವೋ ಆಗಿರಬಹುದು. ಭಟ್ಕಳದಲ್ಲಿ ಅವು ಮನೆಗಳು. ಮೇಲಾಗಿ ಇಲ್ಲಿಯ ಸ್ಮಾರಕಗಳು ಒಂದರ ಸಮೀಪದಲ್ಲಿ ಒಂದಿರುವುದರಿಂದ ಒಂದರ ವೃತ್ತವು ಇನ್ನೊಂದರ ವೃತ್ತವನ್ನು ಹಾಯುತ್ತದೆ. ಒಂದೇ ಓಣಿಯ ಒಂದು ಮನೆ ನಿಷಿದ್ಧ ಪ್ರದೇಶದಲ್ಲಿ, ಅದರ ಮುಂದಿನ ಮನೆ ನಿಯಂತ್ರಿತ ಪ್ರದೇಶದಲ್ಲಿ ಬೀಳುವುದುಂಟು. ಕೇರಿಯು ಬೆಳೆದ ರೀತಿಗೂ ವೃತ್ತವು ಕೊರೆದ ಗೆರೆಗೂ ಯಾವ ಸಂಬಂಧವೂ ಇಲ್ಲ.

ಅಳತೆಗಿಂತಲೂ ಗಂಭೀರವಾದುದು ದುರಸ್ತಿಯ ಪ್ರಶ್ನೆ. ನಿಷಿದ್ಧ ಪ್ರದೇಶದಲ್ಲಿ ೧೯೯೨ರ ಜೂನ್ ೧೬ಕ್ಕೆ ಮೊದಲೇ ಇದ್ದ ಕಟ್ಟಡವನ್ನು ದುರಸ್ತಿಮಾಡಲು ಅಥವಾ ನವೀಕರಿಸಲು ಮಾಲೀಕನು ಅನುಮತಿ ಬೇಡಬಹುದು. ಸಕ್ಷಮ ಪ್ರಾಧಿಕಾರಿಯು ಅರ್ಜಿಯನ್ನು ೧೫ ದಿನಗಳಲ್ಲಿ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು. ಪ್ರಾಧಿಕಾರವು ಎರಡು ತಿಂಗಳೊಳಗೆ ತನ್ನ ಅಭಿಪ್ರಾಯವನ್ನು ತಿಳಿಸಬೇಕು. ಅನಂತರ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರಿಯು ಅನುಮತಿಯನ್ನು ಕೊಡಬೇಕು ಅಥವಾ ನಿರಾಕರಿಸಬೇಕು. ಒಂದು ದಿನವೂ ತಡವಾಗದೆ ಎಲ್ಲವೂ ವಿಧಿಪೂರ್ವಕವಾಗಿ ನಡೆಯಿತೆಂದೇ ಇಟ್ಟುಕೊಳ್ಳೋಣ. ಒಟ್ಟು ಮೂರೂವರೆ ತಿಂಗಳಾಗುತ್ತದೆ. ಜೂನ್ ನಡುವೆ ಗಾಳಿಗೆ ಹಂಚು ಹಾರಿಹೋದ ಮನೆಯವನಿಗೆ ಉತ್ತರ ಬರುವುದು ಸೆಪ್ಟೆಂಬರ್ ಕೊನೆಗೆ, ಮಳೆಗಾಲ ಮುಗಿಯುವ ಹೊತ್ತಿಗೆ. ಈ ಕರಾವಳಿಯ ಮಳೆಯ ಪರಿಚಯವಿಲ್ಲದವರಿಗೆ ಒಂದು ಅಂಕಿ ಸಾಕು. ೨೦೨೨ರ ಆಗಸ್ಟ್ ೨ರಂದು ಭಟ್ಕಳದಲ್ಲಿ ಒಂದೇ ದಿನದ ಲೆಕ್ಕಕ್ಕೆ ೫೦೦ ಮಿಲಿಮೀಟರಿಗೂ ಮೀರಿದ ಮಳೆ ದಾಖಲಾಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಇಂತಹ ಮಳೆಯಲ್ಲಿ ಮಾಡಿನ ಒಂದು ತೂತು ಮೊದಲು ರೀಪನ್ನೂ, ಅನಂತರ ತೊಲೆಯನ್ನೂ, ಕೊನೆಗೆ ಗೋಡೆಯ ತಲೆಯನ್ನೂ ನೆನೆಸಿ ಕೊಳೆಸುತ್ತದೆ.

ಗೋಡೆಯೇ ಬಿದ್ದರೆ ತೊಡಕು ಇನ್ನೂ ಹೆಚ್ಚು. ೨೦೧೦ರ ತಿದ್ದುಪಡಿಯ ಅರ್ಥನಿರೂಪಣೆಯಂತೆ ದುರಸ್ತಿಯಲ್ಲಿ ಪುನರ್ನಿರ್ಮಾಣ ಸೇರುವುದಿಲ್ಲ. ಇದ್ದ ಕಟ್ಟಡವನ್ನು ಅದೇ ಉದ್ದ, ಅದೇ ಅಗಲ, ಅದೇ ಎತ್ತರದಲ್ಲಿ ಮತ್ತೆ ಕಟ್ಟುವುದು ಪುನರ್ನಿರ್ಮಾಣ; ಅದಕ್ಕೆ ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಬೇಡಬಹುದೇ ಹೊರತು ನಿಷಿದ್ಧ ಪ್ರದೇಶದಲ್ಲಿ ಅವಕಾಶವಿಲ್ಲ. ಆದುದರಿಂದ ಸ್ಮಾರಕಕ್ಕೆ ಅತ್ಯಂತ ಸಮೀಪದಲ್ಲಿದ್ದು, ಅದರ ಪರಿಸರವನ್ನು ಅತಿ ಹೆಚ್ಚಾಗಿ ರೂಪಿಸಿದ ಹಳೆಯ ಮನೆಯು ಒಮ್ಮೆ ಬಿದ್ದರೆ ಮತ್ತೆ ಏಳುವಂತಿಲ್ಲ. ಕಾನೂನಿನ ಉದ್ದೇಶವು ಹೊಸ ಕಟ್ಟಡಗಳ ಒತ್ತುವರಿಯನ್ನು ತಡೆಯುವುದು. ಅದರ ಪರಿಣಾಮವು ಹಳೆಯ ಮನೆಗಳನ್ನು ಮಳೆಯ ಕೈಗೆ ಒಪ್ಪಿಸುವುದು. ಹೊಸದನ್ನೂ ಹಳೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದರ ಫಲವಿದು.

ಒಮ್ಮೆ ವಿದ್ಯಾರ್ಥಿಗಳೊಡನೆ ನಾವು ಈ ಓಣಿಗಳಲ್ಲಿ ನಡೆಯುತ್ತಿದ್ದಾಗ, ಹಂಚಿನ ಮೇಲೆ ನೀಲಿ ತಾಡಪತ್ರಿ ಹೊದೆಸಿದ್ದ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದ ವೃದ್ಧರು ನಮ್ಮ ಕೈಯಲ್ಲಿದ್ದ ಕಾಗದಗಳನ್ನು ನೋಡಿ, “ಮಾಸ್ತರೇ, ಅಳತೆಗೆ ಬಂದಿರೋ?” ಎಂದು ಕೇಳಿದರು. ಅಲ್ಲ, ಊರಿನ ಚರಿತ್ರೆಯನ್ನು ನೋಡಲು ಬಂದವರು ಎಂದೆವು. “ಹಾಗಾದರೆ ಒಳಗೆ ಬನ್ನಿ” ಎಂದು ಅವರು ಬಾಗಿಲು ತೆರೆದರು. ಅಳೆಯಲು ಬಂದವರೆಂದು ತಿಳಿದಿದ್ದರೆ ಆ ಬಾಗಿಲು ತೆರೆಯುತ್ತಿತ್ತೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಸಂರಕ್ಷಣೆಯ ಹೆಸರು ಕೇಳಿದೊಡನೆ ಬಾಗಿಲು ಹಾಕಿಕೊಳ್ಳುವ ಕೇರಿಯಲ್ಲಿ ಯಾವ ಸಂರಕ್ಷಣೆಯೂ ಸಾಗುವಂತಿಲ್ಲ.

೩

ಕೇರಿಯಿಲ್ಲದೆ ಕಲ್ಲು ಉಳಿದರೆ ಸಾಲದೇ ಎಂದು ಕೇಳುವವರಿಗೆ ಹೊನ್ನಾವರ ತಾಲೂಕಿನ ಗೇರುಸೊಪ್ಪೆ ಉತ್ತರ ಕೊಡುತ್ತದೆ. ಶರಾವತಿಯ ದಂಡೆಯ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿಯು ಕಾಡಿನ ನಡುವೆ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಅದರ ಕಟ್ಟಡ ಗಂಭೀರವಾದುದು. ಇದು ‘ಕಾಳುಮೆಣಸಿನ ರಾಣಿ’ಯೆಂದು ಹೆಸರಾದ ಚೆನ್ನಭೈರಾದೇವಿಯ ರಾಜಧಾನಿ. ೧೭ನೆಯ ಶತಮಾನದ ಮೊದಲ ದಶಕದಲ್ಲಿ ಇದು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. ೧೬೨೩ರಲ್ಲಿ ಇಕ್ಕೇರಿಗೆ ಹೋಗುವ ಹಾದಿಯಲ್ಲಿ ಇಲ್ಲಿ ತಂಗಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ನಗರವೂ ಅರಮನೆಯೂ ಹಾಳಾಗಿ ಮರಗಿಡಗಳು ಬೆಳೆದುದನ್ನು ಕಂಡನು. ಎಂದರೆ ಕೇರಿಯು ಅಳಿಯಲು ಎರಡು ದಶಕಗಳೂ ಬೇಕಾಗಲಿಲ್ಲ. ಇಂದು ಸ್ಥಳದ ಹೆಸರಿನಲ್ಲಿ ‘ನಗರ’ವೂ ಇದೆ, ‘ಕೇರಿ’ಯೂ ಇದೆ; ನೆಲದ ಮೇಲೆ ಬಸದಿಯೇ ಮುಖ್ಯವಾಗಿ ಉಳಿದಿದೆ. ಮೆಣಸಿನ ವ್ಯಾಪಾರ ಹೇಗೆ ನಡೆಯುತ್ತಿತ್ತು, ವರ್ತಕರು ಎಲ್ಲಿ ವಾಸಿಸುತ್ತಿದ್ದರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಕೊಡುವವರಿಲ್ಲ. ಗೇರುಸೊಪ್ಪೆಯಲ್ಲಿ ಯುದ್ಧವೂ ಕಾಡೂ ಮಾಡಿದ ಕೆಲಸವನ್ನು ಭಟ್ಕಳದಲ್ಲಿ ನಿಯಮವೂ ಮಳೆಯೂ ಮಾಡಬಾರದೆಂಬುದೇ ನಮ್ಮ ವಾದ.

ಕುಮಟಾ ತಾಲೂಕಿನಲ್ಲಿಯೂ ಇದೇ ಅಸಮತೆಯನ್ನು ಕಾಣುತ್ತೇವೆ. ಅಘನಾಶಿನಿಯ ಬಳಿಯ ಮಿರ್ಜಾನ ಕೋಟೆಯು ರಕ್ಷಿತ ಸ್ಮಾರಕ. ಆದರೆ ೧೮೬೦ರ ದಶಕದಲ್ಲಿ, ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ, ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸಿದ ಕುಮಟಾ ಪೇಟೆಯ ಇತಿಹಾಸ ಕೋಟೆಯ ಇತಿಹಾಸಕ್ಕಿಂತ ಕಡಮೆಯದೇನಲ್ಲ. ಒಂದು ಹತ್ತಿಯ ತಳಿಗೇ ‘ಕುಮಟಾ ಹತ್ತಿ’ ಎಂಬ ಹೆಸರು ವ್ಯಾಪಾರದಲ್ಲಿ ನೆಲೆಗೊಂಡಿತು. ಮರ್ಮಗೋವಾದ ರೈಲುದಾರಿ ಬಂದ ಮೇಲೆ ಆ ವೈಭವ ಇಳಿಯಿತು. ಕೋಟೆಯನ್ನು ಮಾತ್ರ ಗುರುತಿಸುವ ಕಣ್ಣು ಇಂತಹ ಪೇಟೆಯನ್ನು ಗುರುತಿಸಲಾರದು.

ಇನ್ನು ವಿಸ್ತರಣೆಯ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದಿರುವ ಹಂಪೆಯನ್ನು ನೋಡೋಣ. ೧೯೮೬ರಲ್ಲಿ ಹಂಪೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಲೆಕ್ಕಕ್ಕೆ ಬಂದುದು ಬಿಡಿ ಬಿಡಿ ಸ್ಮಾರಕಗಳ ಸುಮಾರು ೧೮೭ ಹೆಕ್ಟೇರ್ ನೆಲ. ತೂಗುಸೇತುವೆಯ ವಿವಾದದಿಂದ ೧೯೯೯ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಗಿ, ೨೦೦೬ರಲ್ಲಿ ಅದರಿಂದ ಹೊರಬಂದಿತು. ಈ ನಡುವೆ ಕರ್ನಾಟಕ ಸರ್ಕಾರವು ೨೦೦೨ರ ಅಧಿನಿಯಮದಿಂದ ಒಂದು ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ೨೦೧೨ರ ಸೀಮಾ ಪರಿಷ್ಕರಣೆಯ ತರುವಾಯ ಮುಖ್ಯ ಕ್ಷೇತ್ರವೇ ೪,೧೮೭ ಹೆಕ್ಟೇರ್ ಆಯಿತು. ಅದರ ಸುತ್ತಣ ವಲಯ ೧೯,೪೦೦ ಹೆಕ್ಟೇರಿಗೂ ಮೇಲ್ಪಟ್ಟಿತು. ನದಿ, ಗುಡ್ಡ, ಕಾಲುವೆ, ಗದ್ದೆ, ಹಳ್ಳಿ ಎಲ್ಲವೂ ಸೇರಿ ವಿಜಯನಗರವಾಗಿತ್ತೆಂಬ ಸತ್ಯವನ್ನು ಈ ವಿಸ್ತರಣೆ ಒಪ್ಪಿಕೊಂಡಿತು. ಇದು ನಿಶ್ಚಯವಾಗಿಯೂ ಪ್ರಶಂಸನೀಯ.

ಆದರ ಇನ್ನೊಂದು ಮುಖವನ್ನೂ ಮರೆಯಲಾಗದು. ೨೦೧೧ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಣ ಹಂಪೆ ಬಜಾರಿನ ಮನೆ ಅಂಗಡಿಗಳನ್ನು ಕೆಡವಲಾಯಿತು. ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದ ಕಡೆ ನೆಲೆ ತೋರಿಸಲಾಯಿತು. ಪ್ರಾಚೀನ ಮಂಟಪಗಳಿಗೆ ಗೋಡೆ ಕಟ್ಟಿ ವಾಸಿಸಿದುದರಿಂದ ಮಂಟಪಗಳಿಗೆ ಹಾನಿಯಾಯಿತೆಂಬ ಆಕ್ಷೇಪ ನಿರಾಧಾರವಾದುದಲ್ಲ. ಆದರೆ ‘ಬಜಾರು’ ಎಂಬ ಹೆಸರಿನ ಬೀದಿಯಲ್ಲಿ ಕೊಳ್ಳುವವರೂ ಮಾರುವವರೂ ಇರುವುದು ಅದರ ಇತಿಹಾಸಕ್ಕೆ ವಿರುದ್ಧವೋ ಅನುಗುಣವೋ? ನೆಲದ ಲೆಕ್ಕ ಇಪ್ಪತ್ತೆರಡು ಪಟ್ಟು ಹೆಚ್ಚಿದ ಕಾಲದಲ್ಲಿಯೇ ಜನವಸತಿಯ ಲೆಕ್ಕ ಕುಗ್ಗಿತು. ಮೇರೆಯ ವಿಸ್ತರಣೆ ತಾನಾಗಿಯೇ ವಿಚಾರದ ವಿಸ್ತರಣೆಯಾಗುವುದಿಲ್ಲವೆಂದು ಆರಂಭದಲ್ಲಿ ಹೇಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

೪

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸುವುದು ಕರ್ತವ್ಯ. ಮೊದಲನೆಯದಾಗಿ, ನೂರು ಮೀಟರಿನ ಕಟ್ಟುನಿಟ್ಟು ಇಲ್ಲದಿದ್ದರೆ ಭಟ್ಕಳದ ದೇವಾಲಯಗಳ ಬೆನ್ನಿಗೇ ಮಹಡಿಗಳು ಏಳುತ್ತಿರಲಿಲ್ಲವೇ ಎಂದು ಕೇಳಬಹುದು. ಏಳುತ್ತಿದ್ದುವೆಂದು ನಾವೂ ಒಪ್ಪುತ್ತೇವೆ. ವಿದೇಶದ ಗಳಿಕೆ ಹರಿದುಬರುವ ಪಟ್ಟಣದಲ್ಲಿ ನೆಲದ ಬೆಲೆಯ ಒತ್ತಡ ಸಾಮಾನ್ಯವಾದುದಲ್ಲ. ನಿಷೇಧವನ್ನು ತೆಗೆದುಹಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ನಿಷೇಧವು ತಡೆಯಬೇಕಾದುದನ್ನು ತಡೆದು ಉಳಿಸಬೇಕಾದುದನ್ನು ಉಳಿಸುವಂತೆ ಅದಕ್ಕೆ ವಿವೇಚನೆಯನ್ನು ಕೂಡಿಸಬೇಕೆಂಬುದಷ್ಟೇ.

ಎರಡನೆಯದಾಗಿ, ಯಾವ ಕಾಲದ ಕೇರಿಯನ್ನು ಉಳಿಸುವುದು ಎಂಬ ಪ್ರಶ್ನೆ. ೧೫೪೨ಕ್ಕೆ ಮೊದಲಿನದನ್ನೋ, ಬುಕಾನನ್ ಕಂಡುದನ್ನೋ, ಮಂಗಳೂರು ಹಂಚಿನ ಕಾಲದ್ದನ್ನೋ? ಈ ಪ್ರಶ್ನೆಯು ಸ್ಮಾರಕದ ತರ್ಕವನ್ನು ಕೇರಿಗೆ ಅನ್ವಯಿಸುವುದರಿಂದ ಹುಟ್ಟಿದುದು. ಸ್ಮಾರಕಕ್ಕೆ ಒಂದು ಕಾಲವಿದೆ; ಕೇರಿಗೆ ಕಾಲಗಳ ಸಾಲಿದೆ. ಓಣಿಯ ಅಗಲ, ಮನೆಗಳ ಎತ್ತರ, ಜಗಲಿಯು ಬೀದಿಯನ್ನು ಎದುರುಗೊಳ್ಳುವ ರೀತಿ, ಬಾವಿ, ಕೆರೆ, ಮೆರವಣಿಗೆಯ ಹಾದಿ, ಇವು ಬದಲಾಗುತ್ತಲೇ ಮುಂದುವರಿದುವು. ಮುಂದುವರಿಕೆಯೇ ಇಲ್ಲಿ ರಕ್ಷಣೆಗೆ ಯೋಗ್ಯವಾದ ವಸ್ತು. ರಾಮನವಮಿಯಂದು ಚನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಮುನ್ನ, ದೇವಾಲಯದವರು ಊರಿನ ಒಂದು ಮುಸ್ಲಿಂ ಮನೆತನದ ಮನೆಗೆ ಹೋಗಿ ಆಹ್ವಾನವೀಯುವ ಪದ್ಧತಿ ಭಟ್ಕಳದಲ್ಲಿದೆ. ಮತೀಯ ಕಲಹದ ಕಹಿಯನ್ನು ೧೯೯೩ರಲ್ಲಿ ಉಂಡ ಪಟ್ಟಣದಲ್ಲಿ ಈ ಪದ್ಧತಿಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಆಹ್ವಾನವೆಂದರೆ ಒಂದು ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ ನಡೆದುಹೋಗುವುದು. ಯಾವ ಪಟ್ಟಿಯಲ್ಲಿಯೂ ಸೇರದ ಆ ಹಾದಿಯು ಉಳಿಯುವುದು ಎರಡೂ ಕಡೆಯ ಮನೆಗಳಲ್ಲಿ ಜನರು ಉಳಿದರೆ ಮಾತ್ರ.

ಮೂರನೆಯದಾಗಿ, ಇಂತಹ ಸೂಕ್ಷ್ಮ ಕೆಲಸ ಸ್ಥಳೀಯ ಸಂಸ್ಥೆಗೆ ಸಾಧ್ಯವೇ ಎಂಬ ಸಂದೇಹ. ಬೇರೆಡೆ ಸಾಧ್ಯವಾಗಿದೆ. ಇಂಗ್ಲೆಂಡಿನಲ್ಲಿ ೧೯೬೭ರ ಶಾಸನವು ಕಟ್ಟಡಗಳ ಪಟ್ಟಿಯ ಜೊತೆಗೆ ‘ಸಂರಕ್ಷಣಾ ಪ್ರದೇಶ’ಗಳನ್ನು ಗುರುತಿಸುವ ಹೊಣೆಯನ್ನು ಸ್ಥಳೀಯ ಯೋಜನಾ ಸಂಸ್ಥೆಗಳಿಗೇ ಒಪ್ಪಿಸಿತು. ನಮ್ಮಲ್ಲಿಯೇ ಅಹಮದಾಬಾದಿನ ಮಹಾನಗರಪಾಲಿಕೆಯು ೧೯೯೬ರಲ್ಲಿ ಪರಂಪರೆಯ ವಿಭಾಗವೊಂದನ್ನು ತೆರೆದು, ‘ಪೋಳ’ಗಳೆಂಬ ಕೇರಿಗಳ ಮನೆಗಳನ್ನು ಪಟ್ಟಿಮಾಡುವ ಕೆಲಸಕ್ಕೆ ಕೈಹಾಕಿತು, ೨೦೧೭ರಲ್ಲಿ ಆ ಹಳೆಯ ನಗರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮನೆಯನ್ನು ಉಳಿಸಿಕೊಳ್ಳುವ ಮಾಲೀಕನು ತಾನು ಬಿಟ್ಟುಕೊಟ್ಟ ಕಟ್ಟಡದ ಹಕ್ಕನ್ನು ನಗರದ ಬೇರೆಡೆಗೆ ಮಾರುವ ಅವಕಾಶವೂ ಇದೆ. ರಕ್ಷಣೆಯ ಭಾರವನ್ನು ಮಾಲೀಕನೊಬ್ಬನ ತಲೆಯ ಮೇಲೆ ಹೊರಿಸದಿರುವುದು ಆ ಪ್ರಯೋಗದ ಮುಖ್ಯ ಪಾಠ.

೫

ಹಾಗಾದರೆ ಸ್ಥಳೀಯ ಆಡಳಿತವು ಸಂರಕ್ಷಣಾ ಯೋಜನೆಯನ್ನು ಕೇರಿಗೆ ವಿಸ್ತರಿಸುವಾಗ ಯಾವ ತತ್ವಗಳನ್ನು ಅನುಸರಿಸಬೇಕು? ಅಧಿಕಾರದ ಆಧಾರಗಳು ಇಲ್ಲದಿಲ್ಲ. ಸಂವಿಧಾನದ ೭೪ನೆಯ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆಯೂ ಸಾಂಸ್ಕೃತಿಕ ವಿಷಯಗಳ ಸಂವರ್ಧನೆಯೂ ಪುರಸಭೆಗಳಿಗೆ ವಹಿಸಬಹುದಾದ ವಿಷಯಗಳೆಂದು ಎಣಿಸಲ್ಪಟ್ಟಿವೆ. ಕರ್ನಾಟಕದ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮಕ್ಕೆ ತರುವಾಯದ ತಿದ್ದುಪಡಿಗಳಿಂದ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಎಂಬ ಪರಿಕಲ್ಪನೆಗಳು ಸೇರಿವೆ. ಕೇಂದ್ರದ ೨೦೧೦ರ ತಿದ್ದುಪಡಿಯೇ ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿಗಳನ್ನು ರಚಿಸಬೇಕೆಂದು ವಿಧಿಸಿದೆ. ಆ ಉಪವಿಧಿಗಳೇ ಅಳತೆಗೂ ವಿವೇಚನೆಗೂ ನಡುವಣ ಸೇತುವೆಯಾಗಬಲ್ಲವು.

ಮೊದಲ ತತ್ವ: ಭಟ್ಕಳದಲ್ಲಿ ಸ್ಮಾರಕಗಳಿಗೆ ಒಂದೊಂದರಂತೆ ಉಪವಿಧಿಗಳನ್ನು ಬರೆಯುವಾಗಲೂ ಅವುಗಳ ಹಿಂದೆ ಇಡೀ ಹಳೆಯ ಊರಿನ ಒಂದೇ ನಕ್ಷೆಯಿರಬೇಕು. ಅದರಲ್ಲಿ ಘಟಕವಾಗಬೇಕಾದುದು ಕೇರಿ. ಕೇರಿಯ ಮೇರೆಯನ್ನು ಅಲ್ಲಿಯ ನಿವಾಸಿಗಳ ರೂಢಿಯಿಂದಲೇ ಗುರುತಿಸಬೇಕು. ದೇವಾಲಯದ ಬೀದಿ, ಬಸದಿಯ ಬೀದಿ, ಮಸೀದಿಯ ಬೀದಿ ಎಂಬ ಭೇದವಿಲ್ಲದೆ ಎಲ್ಲವೂ ಅದರಲ್ಲಿ ಸೇರಬೇಕು. ಎರಡನೆಯ ತತ್ವ: ಹೆಂಚು ಹೊದೆಸುವುದು, ತೊಲೆ ಬದಲಿಸುವುದು, ಕೆಂಪುಕಲ್ಲಿನ ಗೋಡೆಯನ್ನು ಅದೇ ಸಾಮಗ್ರಿಯಿಂದ ಸರಿಪಡಿಸುವುದು ಮೊದಲಾದ ಕೆಲಸಗಳನ್ನು ಮುಂಚಿತವಾಗಿಯೇ ಹೆಸರಿಸಿ, ಅವಕ್ಕೆ ಮಳೆಗಾಲಕ್ಕೆ ಮುನ್ನ ಸ್ಥಳೀಯವಾಗಿಯೇ ಅನುಮತಿ ದೊರೆಯುವಂತಿರಬೇಕು, ಪ್ರಕೃತಿವಿಕೋಪದಿಂದ ಬಿದ್ದ ಹಳೆಯ ಮನೆಯನ್ನು ಇದ್ದಂತೆಯೇ ಕಟ್ಟಿಕೊಳ್ಳುವ ಅವಕಾಶಕ್ಕಾಗಿ ಕಾನೂನಿನ ತಿದ್ದುಪಡಿಯನ್ನೂ ಕೇಳಬೇಕು. ಮೂರನೆಯ ತತ್ವ: ನಿರ್ಬಂಧ ಹೊತ್ತವನಿಗೆ ತೆರಿಗೆಯ ರಿಯಾಯಿತಿಯೋ ದುರಸ್ತಿಯ ನೆರವೋ ಸಲ್ಲಬೇಕು. ಬೀದಿಯ ಅಂದ ಸಾರ್ವಜನಿಕ ಸೊತ್ತಾದರೆ ಅದರ ವೆಚ್ಚವೂ ಸಾರ್ವಜನಿಕವೇ.

ನಾಲ್ಕನೆಯದು ನಮಗೆ, ಎಂದರೆ ಇತಿಹಾಸದ ಅಧ್ಯಾಪಕ ವಿದ್ಯಾರ್ಥಿಗಳಿಗೆ, ಸೇರಿದ ಕೆಲಸ. ಯಾವ ಸ್ಥಳೀಯ ಸಂಸ್ಥೆಯಾದರೂ ತನಗೆ ತಿಳಿಯದುದನ್ನು ರಕ್ಷಿಸಲಾರದು. ಭಟ್ಕಳದ ಒಂದೊಂದು ಕೇರಿಯ ಒಂದೊಂದು ಮನೆಯ ವಿನ್ಯಾಸ, ಸಾಮಗ್ರಿ, ಅದರಲ್ಲಿ ಉಳಿದಿರುವ ಕಾಗದಪತ್ರ, ಮನೆಯವರ ನೆನಪು ಇವುಗಳ ಮನೆವಾರು ದಾಖಲೆಯನ್ನು ಸಿದ್ಧಪಡಿಸುವುದು ಮೂರು ತಾಲೂಕುಗಳ ಕಾಲೇಜುಗಳು ಸೇರಿದರೆ ಅಸಾಧ್ಯವಲ್ಲ. ಶಾಸನಗಳನ್ನು ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಮಾಡಬೇಕಾದ ಕೆಲಸವಿದು. ಶಾಸನವು ಇನ್ನೊಂದು ನೂರು ವರ್ಷ ಕಾಯಬಲ್ಲದು. ಮಾಡಿನ ಮನೆ ಮುಂದಿನ ಆಷಾಢವನ್ನು ದಾಟುವುದೆಂಬ ಭರವಸೆಯಿಲ್ಲ.

ಗೇರುಸೊಪ್ಪೆಯಲ್ಲಿ ನಾವು ತಡವಾಗಿ ಹುಟ್ಟಿದವರು. ಅಲ್ಲಿ ಬಸದಿಯ ಅಳತೆಯನ್ನಲ್ಲದೆ ಬೇರೇನನ್ನೂ ಹೆಚ್ಚಾಗಿ ಬರೆದುಕೊಳ್ಳಲಾರೆವು. ಭಟ್ಕಳದಲ್ಲಿ ಜಗಲಿಯ ಮೇಲೆ ಇನ್ನೂ ಜನರಿದ್ದಾರೆ, ಕೇಳಿದರೆ ಹೇಳುತ್ತಾರೆ. ಸಂರಕ್ಷಣೆಯ ಮೇರೆಯನ್ನು ವಿಸ್ತರಿಸುವವರು ಮೊದಲು ಅವರನ್ನು ಆ ಮೇರೆಯೊಳಗೆ ಸೇರಿಸಿಕೊಳ್ಳಲಿ.